ಇದರಲ್ಲಿ ಅಮ್ಮನ್ನ ಮಾತ್ರ ತೆಗೆದುಕೊಡಿ

ಸಾಗರದ ಪೇಟೆಯಲ್ಲಿ ನಮ್ಮಪ್ಪನದೊಂದು ಸಣ್ಣ ಸ್ಟುಡಿಯೋ ಇತ್ತು. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಕೂತು ಲೆಕ್ಕ ಮಾಡುತ್ತಿದ್ದೆ. ಸ್ವಲ್ಪ ದೊಡ್ಡವಳಾದ ಮೇಲೆ ಪ್ರಿಂಟ್ ತೊಳೆಯುವುದು, ಒಣಗಿಸುವುದು, ಅಂಚು ಕತ್ತರಿಸುವುದು ನನ್ನ ಪಾಲಿಗೆ ಬಂತು. ಆಮೇಲೆ ಟಚಿಂಗ್ ಕಲಿತೆ. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್, ಪ್ರಿಂಟ್ ಮೇಲೆ ಸಣ್ಣ ಬ್ರಷ್. ಕಲೆ, ಗೀರು, ಮೊಡವೆ ಎಲ್ಲ ಮುಚ್ಚುವ ಕೆಲಸ.

ಆ ಸ್ಟುಡಿಯೋಗೆ ಒಂದು ಥರದ ಗಿರಾಕಿ ಮತ್ತೆ ಮತ್ತೆ ಬರುತ್ತಿದ್ದರು. ತಲೆ ಬೋಳಿಸಿಕೊಂಡ ಗಂಡಸು. ಕೈಯಲ್ಲಿ ಹಳೆ ಕ್ಯಾಲೆಂಡರ್ ಹಾಳೆಯಲ್ಲಿ ಸುತ್ತಿದ ಒಂದು ಗ್ರೂಪ್ ಫೋಟೋ. ಯಾರದೋ ಮದುವೆಯದ್ದು, ಇಲ್ಲವೇ ಉಪನಯನದ್ದು. ಅದನ್ನು ಬಿಚ್ಚಿ, ಎರಡನೇ ಸಾಲಿನಲ್ಲಿ ಕಡಲೆಕಾಳಿನಷ್ಟು ಕಾಣುವ ಒಂದು ಮುಖದ ಮೇಲೆ ಬೆರಳಿಟ್ಟು ಹೇಳುತ್ತಿದ್ದರು: "ಇದರಲ್ಲಿ ಅಮ್ಮನ್ನ ಮಾತ್ರ ತೆಗೆದುಕೊಡಿ. ವೈಕುಂಠ ಸಮಾರಾಧನೆ ಒಳಗೆ ಬೇಕು."

ಅಪ್ಪ ಇಲ್ಲ ಅಂದದ್ದು ನಾನು ನೋಡಿಲ್ಲ. ಫೋಟೋವನ್ನು ಗಾಜಿನ ಕೆಳಗಿಟ್ಟು, ಎರಡೂ ಬದಿ ದೀಪ ಹಾಕಿ ಕಾಪಿ ಹೊಡೆಯುತ್ತಿದ್ದರು. ಆ ನೆಗೆಟಿವ್‌ನಿಂದ ಮುಖವನ್ನು ಹತ್ತು-ಹನ್ನೆರಡು ಇಂಚಿಗೆ ಎನ್‌ಲಾರ್ಜ್ ಮಾಡಿದಾಗ ಏನಾಗುತ್ತದೆ ಗೊತ್ತಾ? ಬರೀ ಕಾಳು ಕಾಳು. ಕಣ್ಣು ಇದ್ದ ಕಡೆ ಎರಡು ಮಸುಕು ಕಲೆ. ಆಗ ಬ್ರಷ್ ಹಿಡಿದು ಕಣ್ಣು ಬರೆಯಬೇಕು, ಹುಬ್ಬು ತಿದ್ದಬೇಕು, ಕುಂಕುಮ ಇಡಬೇಕು. ನಮ್ಮ ಕಡೆಯ ಎಷ್ಟೋ ಮನೆಗಳ ಗೋಡೆ ಮೇಲೆ ಹಾರ ಹಾಕಿಸಿಕೊಂಡಿರುವ ಅಮ್ಮಂದಿರ ಕಣ್ಣು ಅಪ್ಪ ಬರೆದದ್ದು. ಕೆಲವು ನಾನು ಬರೆದದ್ದು.

ಒಂದು ಸಲ ಹೀಗೇ ಬಂದ ಫೋಟೋದಲ್ಲಿ ತಾಯಿಯ ಮಡಿಲಲ್ಲಿ ಒಂದು ಕೂಸು ಇತ್ತು. ಅಮ್ಮ ಮಾತ್ರ ಬೇಕು ಅಂದಿದ್ದರಲ್ಲ, ನಾನು ಕೂತು ಕೂಸನ್ನು ಅಳಿಸಿದೆ. ಕೂಸು ಇದ್ದ ಜಾಗದಲ್ಲಿ ಸೀರೆಯ ನೆರಿಗೆ ಬರೆದೆ. ಎರಡು ದಿನದ ಕೆಲಸ. ಚೆನ್ನಾಗಿ ಬಂದಿದೆ ಅಂತ ನನಗೆ ಖುಷಿ. ಮಗ ಬಂದವರು ಫೋಟೋ ಕೈಗೆ ತಗೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, "ಮಡಿಲಲ್ಲಿ ನಾನಿದ್ನಲ್ಲ, ಎಲ್ಲಿ ಹೋದೆ?"

ನನಗೆ ಆಗ ಹದಿನೇಳೋ ಹದಿನೆಂಟೋ. ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಇವತ್ತು ನಿಮ್ಮ ಮುಂದೆ ನಿಂತು ಮಾತಾಡುತ್ತಿರುವುದೂ ಅದರಿಂದಲೇ. ಅಮ್ಮನನ್ನು ನೆನೆಯಬೇಕು ಅಂದಾಗ ನಾವು ಮೊದಲು ಮಾಡುವುದೇ ಅವಳನ್ನು ಫೋಟೋದಿಂದ ಕತ್ತರಿಸಿ ತೆಗೆಯುವುದು. ಸುತ್ತ ಇದ್ದವರನ್ನು, ಜಾಗವನ್ನು, ಕೈಯಲ್ಲಿ ಹಿಡಿದದ್ದನ್ನು ಎಲ್ಲ ತೆಗೆದು ಬರೀ ಮುಖ ಉಳಿಸುತ್ತೇವೆ. ಆದರೆ ಅವಳ ಬದುಕೆಲ್ಲ ಇರುವುದು ನಾವು ಕತ್ತರಿಸಿ ಬಿಸಾಡುವ ಆ ಭಾಗದಲ್ಲೇ.

ಮೊದಲು ಒಂದು ವಿಷಯ ನೋಡೋಣ. ಅಮ್ಮ ಒಬ್ಬಳೇ ಇರುವ ಫೋಟೋ ನಮ್ಮ ಮನೆಗಳಲ್ಲಿ ಯಾಕಿಲ್ಲ?

ನಮ್ಮ ನಾಡಿಗೆ ಕ್ಯಾಮೆರಾ ತಡವಾಗಿ ಬಂದದ್ದೇನಲ್ಲ. 1839ರಲ್ಲಿ ಪ್ಯಾರಿಸ್ಸಿನಲ್ಲಿ ಈ ವಿದ್ಯೆಯನ್ನು ಜಗತ್ತಿಗೆ ತೋರಿಸಿದರು. 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಅಧಿಕಾರಿ ಬಾದಾಮಿ, ಐಹೊಳೆ, ವಿಜಯಪುರದ ಕಡೆ ಓಡಾಡಿ ಗುಡಿ ಗುಮ್ಮಟಗಳ ಫೋಟೋ ತೆಗೆಯುತ್ತಿದ್ದ. ನಮ್ಮಲ್ಲಿ ಕಲ್ಲಿನ ಸರದಿ ಮೊದಲು ಬಂತು. ಮನೆಯ ಹೆಂಗಸಿನ ಸರದಿ ಬರಲು ಬಹಳ ಕಾಲ ಬೇಕಾಯಿತು. ಹೈದರಾಬಾದಿನಲ್ಲಿ ಲಾಲಾ ದೀನ್ ದಯಾಳ್ 1892ರಲ್ಲಿ ಹೆಂಗಸರಿಗೇ ಅಂತ ಒಂದು ಜನಾನಾ ಸ್ಟುಡಿಯೋ ತೆರೆದರು. ಪರದೆಯ ಹೆಂಗಸರು ಪರಗಂಡಸಿನ ಎದುರು ಕೂರುವುದಿಲ್ಲ ಅಂತ ಅದನ್ನು ನೋಡಿಕೊಳ್ಳಲು ಒಬ್ಬ ಇಂಗ್ಲಿಷ್ ಮಹಿಳೆಯನ್ನು ಇಟ್ಟಿದ್ದರು. ಅದು ದೊಡ್ಡ ಮನೆತನದವರ ಮಾತು. ನಮ್ಮಂಥ ಊರುಗಳಲ್ಲಿ ಫೋಟೋ ತೆಗೆಸಿದರೆ ಆಯಸ್ಸು ಕಡಿಮೆ ಆಗುತ್ತದೆ ಅಂತ ಹೆದರುತ್ತಿದ್ದವರನ್ನು ನಾನೇ ಕಂಡಿದ್ದೇನೆ.

ಇನ್ನು ಮನೆಗೇ ಕ್ಯಾಮೆರಾ ಬಂದ ಕಾಲ. ನಿಮ್ಮಲ್ಲಿ ಕೆಲವರ ಮನೆಯಲ್ಲಿ ಆಗ್ಫಾ ಕ್ಲಿಕ್ 3 ಇದ್ದಿರಬೇಕು. ಬರೋಡಾದಲ್ಲಿ ತಯಾರಾಗುತ್ತಿತ್ತು. 120 ನಂಬರಿನ ಫಿಲಂ, ಒಂದು ರೋಲಿಗೆ ಹನ್ನೆರಡೇ ಫೋಟೋ. ಒಂದು ರೋಲ್ ಹಾಕಿದರೆ ಯುಗಾದಿಯಿಂದ ದೀಪಾವಳಿವರೆಗೂ ಎಳೆಯುತ್ತಿದ್ದರು. ಆ ಕ್ಯಾಮೆರಾಕ್ಕೆ ಒಳ್ಳೆಯ ಬಿಸಿಲು ಬೇಕು. ಫ್ಲ್ಯಾಶ್ ಬೇರೆಯೇ ಕೊಳ್ಳಬೇಕಿತ್ತು, ನಮ್ಮ ಕಡೆ ಹೆಚ್ಚಿನವರ ಹತ್ತಿರ ಇರಲಿಲ್ಲ. ಹಾಗಾಗಿ ಎಲ್ಲರನ್ನೂ ಅಂಗಳಕ್ಕೆ ಕರೆದು, ಸೂರ್ಯನಿಗೆ ಮುಖ ಮಾಡಿಸಿ ನಿಲ್ಲಿಸಿ ಫೋಟೋ ತೆಗೆಯುವುದು. ಆ ಕಾಲದ ಫೋಟೋಗಳಲ್ಲಿ ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡಿರುವುದು ನೋಡಿದ್ದೀರಲ್ವಾ? ಬಿಸಿಲಿಗೆ.

ಈಗ ಯೋಚನೆ ಮಾಡಿ. ಆ ಹೊತ್ತಿಗೆ ಅಮ್ಮ ಎಲ್ಲಿರುತ್ತಿದ್ದಳು? ಒಳಗೆ, ಅಡಿಗೆಮನೆಯಲ್ಲಿ. ಮಲೆನಾಡಿನ ಅಡಿಗೆಮನೆ ಅಂದರೆ ಕಟ್ಟಿಗೆ ಒಲೆ, ಹೊಗೆ ಹಿಡಿದ ಗೋಡೆ, ಮಾಡಿನ ಒಂದು ಗಾಜಿನ ಹಂಚಿನಿಂದ ಬೀಳುವ ಬೆಳಕು. ಅಲ್ಲಿ ಆ ಕ್ಯಾಮೆರಾ ನಡೆಯುವುದೇ ಇಲ್ಲ. ಅಮ್ಮ ದಿನದಲ್ಲಿ ಹೆಚ್ಚು ಹೊತ್ತು ಇದ್ದ ಜಾಗದಲ್ಲಿ ಫೋಟೋಗೆ ಸಾಲುವಷ್ಟು ಬೆಳಕೇ ಇರಲಿಲ್ಲ. ಅವಳು ದೋಸೆ ಹುಯ್ಯುವ, ರುಬ್ಬುವ, ಮಜ್ಜಿಗೆ ಕಡೆಯುವ ಫೋಟೋ ನಮ್ಮ ಆಲ್ಬಂಗಳಲ್ಲಿ ಸಿಗುವುದು ಅಪರೂಪ. ಅಂಗಳದಿಂದ ಕೂಗಿದರೆ ಸೆರಗಿಗೆ ಕೈ ಒರೆಸುತ್ತಾ ಬಾಗಿಲವರೆಗೆ ಬಂದು, "ನಂದೆಂತಕ್ಕೆ, ಮಕ್ಕಳದ್ದು ತೆಗೀರಿ" ಅನ್ನುವುದು. ಅಪ್ಪಂದಿರು ಹನ್ನೆರಡರಲ್ಲಿ ಒಂದು ಉಳಿಯಿತು ಅಂತ ಮಕ್ಕಳದ್ದೇ ತೆಗೆಯುವುದು.

ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡಿದವರಿಗೆ ನಾನು ಹೇಳುವುದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಸಾಮಾನ್ಯ ಜನ ತಮ್ಮ ಪಾಡಿಗೆ ತಾವು ಕೆಲಸದಲ್ಲಿ ಇರುವಾಗ ಅವರು ಫೋಟೋ ತೆಗೆದರು. ಅಪ್ಪ ಅವರ ಚಿತ್ರಗಳನ್ನು ಪತ್ರಿಕೆಯಿಂದ ಕತ್ತರಿಸಿ ಡಾರ್ಕ್ ರೂಮಿನ ಬಾಗಿಲಿಗೆ ಅಂಟಿಸಿದ್ದರು. "ನೋಡು, ಇವರು ಯಾರನ್ನೂ ಕೂರಿಸಿಲ್ಲ" ಅನ್ನುತ್ತಿದ್ದರು. ಕೂರಿಸಿ ತೆಗೆಯುವುದೇ ಹೊಟ್ಟೆಪಾಡಾದವರು ಆ ಮಾತು ಹೇಳುವಾಗ ಅವರ ಮುಖದಲ್ಲಿ ಒಂದು ಆಸೆ ಇರುತ್ತಿತ್ತು.

ಹಾಗಾದರೆ ಬಡವರ ಮನೆಯ ತಾಯಂದಿರ ಕಥೆ? ಅವರಲ್ಲಿ ಎಷ್ಟೋ ಜನಕ್ಕೆ ಮೊದಲ ಫೋಟೋ ತೆಗೆಸಿದ್ದು ಸರ್ಕಾರ. 1993ರಲ್ಲಿ ಚುನಾವಣಾ ಆಯೋಗ ಫೋಟೋ ಇರುವ ಗುರುತಿನ ಚೀಟಿ ಶುರುಮಾಡಿತು. ಆಮೇಲೆ ರೇಷನ್ ಕಾರ್ಡಿಗೂ ಮನೆಮಂದಿಯ ಫೋಟೋ ಬಂತು. ಗದ್ದೆ ಕೆಲಸ ಬಿಟ್ಟು ಬಂದು, ಶಾಲೆಯ ಗೋಡೆಗೆ ಒರಗಿ, ಹೆದರಿದ ಕಣ್ಣಿನಲ್ಲಿ ನಿಂತ ಫೋಟೋ. ಈಗಲೂ ಹಳ್ಳಿಯ ದಾರಿಯಲ್ಲಿ ಶ್ರದ್ಧಾಂಜಲಿ ಫ್ಲೆಕ್ಸ್ ನೋಡಿದರೆ ನನಗೆ ಗೊತ್ತಾಗುತ್ತದೆ, ಇದು ವೋಟರ್ ಕಾರ್ಡಿನದ್ದು, ಇದು ಆಧಾರಿನದ್ದು ಅಂತ. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸೇ ಕುಟುಂಬದ ಮುಖ್ಯಸ್ಥೆ. ಆ ಕಾರ್ಡುಗಳನ್ನು ದಯವಿಟ್ಟು ಎಸೆಯಬೇಡಿ. ಅಮ್ಮನ ಹೆಸರು ಮೊದಲನೆಯದಾಗಿ ಅಚ್ಚಾದ ಕಾಗದ ಅದೊಂದೇ ಇರಬಹುದು.

ಹೆಸರಿನ ಮಾತು ಬಂತು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಇದು ನನಗೆ ತುಂಬ ಮುಖ್ಯ.

ಬರುವಾಗ ಅಮ್ಮನದ್ದೋ ಅಜ್ಜಿಯದ್ದೋ ಒಂದು ಫೋಟೋ ತನ್ನಿ ಅಂತ ಹೇಳಿದ್ದೆವು. ತಂದವರು ಒಮ್ಮೆ ಹಿಂದೆ ತಿರುಗಿಸಿ ನೋಡಿ. ಏನಾದರೂ ಬರೆದಿದೆಯಾ? ಸಾಮಾನ್ಯವಾಗಿ ಏನೂ ಇರುವುದಿಲ್ಲ. ಇದ್ದರೂ "ಇಂಥವರು ಮತ್ತು ಅವರ ಪತ್ನಿ" ಅಂತ ಇರುತ್ತದೆ, ಇಲ್ಲವೇ "ದೊಡ್ಡತ್ತೆ", "ಶಿರಸಿ ಚಿಕ್ಕಮ್ಮ". ಮನೆಯಲ್ಲಿ ಎಲ್ಲರಿಗೂ ಗೊತ್ತಿದೆಯಲ್ಲ, ಬರೆಯುವುದು ಯಾಕೆ ಅಂತ ಬಿಟ್ಟಿರುತ್ತಾರೆ. ಎರಡು ತಲೆಮಾರು ಕಳೆಯಲಿ, ಶಿರಸಿ ಚಿಕ್ಕಮ್ಮ ಯಾರು ಅಂತ ಹೇಳುವವರೇ ಇರುವುದಿಲ್ಲ. ಗಂಡಸರ ಹೆಸರು ಪಹಣಿಯಲ್ಲಿ, ವಂಶವೃಕ್ಷದಲ್ಲಿ, ಮದುವೆ ಕಾಗದದಲ್ಲಿ ಎಲ್ಲಾದರೂ ಸಿಕ್ಕೀತು. ಹೆಂಗಸರದ್ದು ಹಾಗಲ್ಲ.

ಇನ್ನೊಂದು ತೊಡಕೂ ಇದೆ. ಕೆಲವು ಸಮುದಾಯಗಳಲ್ಲಿ ಮದುವೆಯ ದಿನ ಹುಡುಗಿಯ ಹೆಸರನ್ನೇ ಬದಲು ಮಾಡುತ್ತಿದ್ದರು. ತಟ್ಟೆಯ ಅಕ್ಕಿಯ ಮೇಲೆ ಗಂಡ ಉಂಗುರದಿಂದ ಹೊಸ ಹೆಸರು ಬರೆಯುವುದು. ಉತ್ತರ ಕರ್ನಾಟಕದ ಕಡೆಯವರಿಗೆ ಇದು ಗೊತ್ತು. ತವರಿನ ಹೆಸರು ಒಂದು, ಗಂಡನ ಮನೆಯ ಹೆಸರು ಇನ್ನೊಂದು. ಹಾಗಾಗಿ ಫೋಟೋದ ಹಿಂದೆ ಬರೆಯುವಾಗ ಎರಡೂ ಹೆಸರು ಬರೆಯಿರಿ. ಮದುವೆಗೆ ಮುಂಚಿನ ಹುಡುಗಿಯೂ ನಿಮ್ಮ ಅಮ್ಮನೇ.

ಬಾಲ್‌ಪೆನ್ ಬೇಡ. ಒತ್ತಿದ ಗೆರೆ ಮುಂಭಾಗಕ್ಕೆ ಉಬ್ಬುತ್ತದೆ. ಮೆತ್ತನೆ ಪೆನ್ಸಿಲ್ ತಗೊಂಡು, ಫೋಟೋವನ್ನು ಗಟ್ಟಿ ಜಾಗದಲ್ಲಿ ಕವುಚಿಟ್ಟು, ಅಂಚಿನಲ್ಲಿ ಹಗುರವಾಗಿ ಬರೆಯಿರಿ. ನುಣುಪು ಕಾಗದದ ಹೊಸ ಪ್ರಿಂಟ್ ಮೇಲೆ ಪೆನ್ಸಿಲ್ ಹಿಡಿಯುವುದಿಲ್ಲ. ಅದಕ್ಕೆ ಬೇರೆ ಕಾಗದದ ಮೇಲೆ ಬರೆದು ಫೋಟೋ ಜೊತೆ ಒಂದೇ ಲಕೋಟೆಯಲ್ಲಿಡಿ.

ಹೇಗೂ ಶುರುಮಾಡಿದೆ, ಉಳಿಸಿಕೊಳ್ಳುವ ಬಗ್ಗೆಯೂ ಹೇಳಿಬಿಡುತ್ತೇನೆ. ನಮ್ಮ ಮಲೆನಾಡಿನಲ್ಲಿ ಮಳೆಗಾಲವೇ ಫೋಟೋಗೆ ದೊಡ್ಡ ಶತ್ರು. ಫೋಟೋದ ಮೇಲ್ಪದರ ಜೆಲಟಿನ್. ತೇವ ತಾಗಿದರೆ ಅದು ಮೆತ್ತಗಾಗಿ ಕಟ್ಟಿನ ಗಾಜಿಗೆ ಅಂಟಿಕೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ. ಗಾಜಿಗೆ ಅಂಟಿದ್ದನ್ನು ಎಳೆಯಬೇಡಿ, ಮುಖವೇ ಕಿತ್ತು ಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಹೊಸದಾಗಿ ಕಟ್ಟು ಹಾಕಿಸುವಾಗ ಗಾಜಿಗೂ ಫೋಟೋಗೂ ನಡುವೆ ದಪ್ಪ ಕಾಗದದ ಅಂಚು ಇರಲಿ, ಎರಡೂ ಒಂದಕ್ಕೊಂದು ತಾಗಬಾರದು. ಹೊರಗೋಡೆಗೆ, ಅದರಲ್ಲೂ ಮಳೆ ಹೊಡೆಯುವ ಗೋಡೆಗೆ ತೂಗುಹಾಕಬೇಡಿ. ಶ್ರಾದ್ಧದ ದಿನ ಗಂಧ ಕುಂಕುಮ ಹಚ್ಚುತ್ತೀರಿ, ಹಚ್ಚಿ. ಆದರೆ ಒದ್ದೆ ಗಂಧ ಗಾಜಿನ ಅಂಚಿನಿಂದ ಒಳಗೆ ಇಳಿಯುತ್ತದೆ. ಅದಕ್ಕೆ ಗೋಡೆಯ ಮೇಲೆ ಒಂದು ಕಾಪಿ ಇರಲಿ, ಮೂಲ ಫೋಟೋ ಬೀರುವಿನಲ್ಲಿರಲಿ.

ಅಂಟು ಪುಟದ ಆಲ್ಬಂ ಇತ್ತಲ್ಲ, ಪ್ಲಾಸ್ಟಿಕ್ ಹಾಳೆ ಎತ್ತಿ ಫೋಟೋ ಕೂರಿಸುವುದು? ಅದರಲ್ಲಿ ಇರುವುದನ್ನು ಬೇಗ ಸ್ಕ್ಯಾನ್ ಮಾಡಿಸಿ. ಆ ಅಂಟು ಫೋಟೋವನ್ನು ಹಳದಿ ಮಾಡುತ್ತದೆ. ಬಣ್ಣದ ಫೋಟೋಗಳೂ ಅಷ್ಟೇ. ಅಜ್ಜಿಯ 1950ರ ಕಪ್ಪು ಬಿಳುಪು ಫೋಟೋ ಗಟ್ಟಿಯಾಗಿದೆ, ಅಮ್ಮನ 1980ರ ಬಣ್ಣದ ಫೋಟೋ ಕೆಂಪಾಗಿ ಹೋಗಿದೆ ಅಂತ ಜನ ಆಶ್ಚರ್ಯ ಪಡುತ್ತಾರೆ. ಕಪ್ಪು ಬಿಳುಪಿನದು ಬೆಳ್ಳಿ. ಚಿತ್ರವನ್ನು ಗಟ್ಟಿ ಮಾಡುವ ಹೈಪೋ ದ್ರಾವಣದಲ್ಲಿಟ್ಟು ಚೆನ್ನಾಗಿ ತೊಳೆದಿದ್ದರೆ ತಲೆಮಾರುಗಟ್ಟಲೆ ಇರುತ್ತದೆ. ಬಣ್ಣದ್ದು ಬರೀ ಬಣ್ಣದ ಪದರ. ಆ ಕಾಲದ ಪ್ರಿಂಟ್‌ಗಳಲ್ಲಿ ನೀಲಿ ಕಡೆಯ ಬಣ್ಣ ಮೊದಲು ಮಾಸುತ್ತದೆ, ಉಳಿಯುವುದು ಕೆಂಪು. ಕತ್ತಲಲ್ಲಿ ಮುಚ್ಚಿಟ್ಟರೂ ಮಾಸುತ್ತದೆ. ಅಪ್ಪ ಪ್ರಿಂಟ್ ತೊಳೆಯಲು ನನಗೆ ಅರ್ಧ ಗಂಟೆ ಹರಿಯುವ ನೀರು ಬಿಡಿಸುತ್ತಿದ್ದರು. ಕೈ ಮರಗಟ್ಟುತ್ತಿತ್ತು. ಸಿಟ್ಟು ಬರುತ್ತಿತ್ತು. ಈಗ ಆ ಪ್ರಿಂಟ್‌ಗಳನ್ನು ನೋಡುವಾಗ ಅಪ್ಪನಿಗೆ ಕೈ ಮುಗಿಯುತ್ತೇನೆ.

ಬಣ್ಣದ ಬಗ್ಗೆ ಇನ್ನೊಂದು ಮಾತು. ಆಗ ಕಪ್ಪು ಬಿಳುಪು ಫೋಟೋಗೆ ಕೈಯಲ್ಲೇ ಬಣ್ಣ ಹಾಕುತ್ತಿದ್ದೆವು. ಅಪ್ಪ ಮೊದಲು ಕೇಳುತ್ತಿದ್ದದ್ದು, "ಸೀರೆ ಯಾವ ಬಣ್ಣ?" ಗಂಡುಮಕ್ಕಳು ತಲೆ ಕೆರೆದುಕೊಳ್ಳುತ್ತಿದ್ದರು. ಹೆಣ್ಣುಮಕ್ಕಳು ತಟ್ಟನೆ ಹೇಳುತ್ತಿದ್ದರು, "ಗಿಳಿಹಸಿರು, ಕೆಂಪಂಚು. ತವರಿಂದ ಕೊಟ್ಟದ್ದು." ಈಗ ಫೋನಿನಲ್ಲಿ ಹಳೆಯ ಫೋಟೋಗೆ ಬಣ್ಣ ಬರುತ್ತದೆ, ಕಣ್ಣು ಮಿಟುಕಿಸುತ್ತದೆ, ನಗುತ್ತದೆ. ಮಾಡಿಕೊಳ್ಳುವವರು ಮಾಡಿಕೊಳ್ಳಲಿ, ಅವರ ದುಃಖಕ್ಕೆ ಅದು ಸಮಾಧಾನ ಕೊಟ್ಟರೆ ನಾನು ಬೇಡ ಅನ್ನುವುದಿಲ್ಲ. ಆದರೆ ಫೋನಿಗೆ ಆ ಸೀರೆ ಗೊತ್ತಿಲ್ಲ. ಅದು ಊಹೆ ಮಾಡುತ್ತದೆ. ಮೂಲವನ್ನು ಹಾಗೇ ಬೇರೆ ಇಡಿ, ಬಣ್ಣ ಹಾಕಿದ್ದಕ್ಕೆ ಬಣ್ಣ ಹಾಕಿದ್ದು ಅಂತ ಬರೆದಿಡಿ. ಇಲ್ಲದಿದ್ದರೆ ಮೊಮ್ಮಕ್ಕಳು ಅದನ್ನೇ ನಿಜ ಅಂದುಕೊಳ್ಳುತ್ತಾರೆ. ನನ್ನ ಅಮ್ಮನ ಫೋಟೋವನ್ನು ನಾನು ನಗಿಸಿಲ್ಲ. ಅವಳು ಯಾವಾಗ ನಗುತ್ತಿದ್ದಳು ಅಂತ ನನಗೆ ಗೊತ್ತು.

ಅಮ್ಮ ಇನ್ನೂ ಇರುವವರು ಇಲ್ಲಿ ಬಹಳ ಜನ ಇದ್ದೀರಿ. ನೀವು ಭಾಗ್ಯವಂತರು. ಮನೆಗೆ ಹೋಗಿ ಆಲ್ಬಂ ತೆಗೆಯಿರಿ. "ಅಮ್ಮ, ನಿನ್ನ ಕಥೆ ಹೇಳು" ಅಂದರೆ ಯಾವ ಅಮ್ಮನೂ ಹೇಳುವುದಿಲ್ಲ. "ನಂದೆಂತ ಕಥೆ" ಅಂತ ಎದ್ದು ಹೋಗುತ್ತಾಳೆ. ಫೋಟೋದಲ್ಲಿರುವ ವಸ್ತು ತೋರಿಸಿ ಕೇಳಿ. ಈ ಸೀರೆ ಯಾರದ್ದು? ಈ ಸರ ಈಗ ಎಲ್ಲಿದೆ? ನಾನು ಹೀಗೆ ಕೇಳಿದ ಮೇಲೆಯೇ ನನಗೆ ಗೊತ್ತಾದದ್ದು, ಮದುವೆ ಫೋಟೋದಲ್ಲಿ ಅಮ್ಮ ಹಾಕಿಕೊಂಡ ಕಾಸಿನ ಸರ ಪಕ್ಕದ ಮನೆಯಿಂದ ಕೇಳಿ ತಂದದ್ದು ಅಂತ. ಕೈಯಲ್ಲಿದ್ದ ಎರಡು ಬಳೆ ಮಾತ್ರ ಅವಳದ್ದು. ಅದನ್ನು ಅಡವಿಟ್ಟೇ ನನ್ನ ಕಾಲೇಜಿನ ಫೀಸು ಕಟ್ಟಿದ್ದು. ಆ ಫೋಟೋ ನಮ್ಮ ನಡುಮನೆಯಲ್ಲಿ ನಾನು ಹುಟ್ಟಿದಾಗಿನಿಂದ ಇತ್ತು. ನಾನು ನೋಡಿಯೇ ಇರಲಿಲ್ಲ. ಫೋನಿನ ರೆಕಾರ್ಡರ್ ಹಾಕಿಟ್ಟುಕೊಳ್ಳಿ, ಅಮ್ಮನಿಗೆ ಹೇಳಿಯೇ ಹಾಕಿ. ಮಾತು ನಿಲ್ಲಿಸಿದಾಗ ನೀವೂ ಸುಮ್ನಿರಿ. ಮುಂದಿನ ಮಾತು ಆ ಮೌನದಿಂದಲೇ ಬರುತ್ತದೆ.

ವಿಲಾಯಿತಿಯಲ್ಲಿ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಕೂಸುಗಳ ಫೋಟೋ ತೆಗೆಯುವುದು ಕಷ್ಟವಾಗಿತ್ತು. ಒಂದು ಫೋಟೋಗೆ ಬಹಳ ಹೊತ್ತು ಅಲುಗಾಡದೆ ಇರಬೇಕು. ಅದಕ್ಕೆ ತಾಯಿಯೇ ಕೂಸನ್ನು ಹಿಡಿದು ಕೂರುತ್ತಿದ್ದಳು, ಅವಳ ಮೇಲೆ ಪರದೆಯ ಬಟ್ಟೆ ಹೊದಿಸುತ್ತಿದ್ದರು, ಕುರ್ಚಿ ಅನ್ನುವ ಹಾಗೆ. ಅಂಥ ಫೋಟೋಗಳನ್ನು ಮೊದಲ ಸಲ ನೋಡಿದಾಗ ನನಗೆ ಎದೆ ಝಲ್ ಅಂದಿತು. ಯಾಕೆಂದರೆ ನಮ್ಮ ಮನೆಯಲ್ಲೂ ಒಂದು ಇದೆ.

ಮೊಗ್ಗಿನ ಜಡೆಯ ಫೋಟೋ ನಿಮಗೆಲ್ಲ ಗೊತ್ತು. ಮಲ್ಲಿಗೆ ಮೊಗ್ಗಿನ ಕಾಲದಲ್ಲಿ ಹುಡುಗಿಗೆ ಜಡೆ ಹೆಣೆದು, ಸ್ಟುಡಿಯೋಗೆ ಕರೆದುಕೊಂಡು ಹೋಗಿ, ಹಿಂದೆ ನಿಲುಗನ್ನಡಿ ಇಟ್ಟು ತೆಗೆಸುವುದು. ಮುಂದೆ ಮುಖ, ಕನ್ನಡಿಯಲ್ಲಿ ಜಡೆ. 1953ರ ಬೇಸಿಗೆಯಲ್ಲಿ ತೆಗೆಸಿದ ನನ್ನ ಅಮ್ಮನ ಇಂಥದೊಂದು ಫೋಟೋ ಇದೆ. ಅವಳಿಗೆ ಆಗ ಒಂಬತ್ತು. ಅಮ್ಮನ ಅಮ್ಮ, ನನ್ನ ಅಜ್ಜಿ, ಅವಳ ಒಂದೂ ಫೋಟೋ ನಮ್ಮಲ್ಲಿ ಇರಲಿಲ್ಲ. ಅಜ್ಜಿಗೆ ಇಪ್ಪತ್ತೆಂಟಕ್ಕೇ ಗಂಡ ಹೋದರು. ಕೂದಲು ತೆಗೆಸಿ, ಕೆಂಪು ಸೀರೆ ಉಡಿಸಿ ಮೂಲೆಗೆ ಕೂರಿಸಿದರು. ಶುಭಕಾರ್ಯದಲ್ಲಿ ಎದುರು ಬರಬಾರದು, ಫೋಟೋಗೆ ನಿಲ್ಲಬಾರದು. ಎಷ್ಟೋ ಮನೆಗಳ ಗ್ರೂಪ್ ಫೋಟೋಗಳಲ್ಲಿ ಇಂಥ ಅಜ್ಜಿಯಂದಿರು ಇಲ್ಲ. ಆವತ್ತು ಅಡಿಗೆ ಮಾಡಿದ್ದು ಅವರೇ ಆಗಿರುತ್ತದೆ.

ಕೆಲವು ವರ್ಷಗಳ ಹಿಂದೆ ಸ್ಕ್ಯಾನ್ ಮಾಡಲು ಅಂತ ಆ ಫೋಟೋದ ಕಟ್ಟು ಬಿಚ್ಚಿದೆ. ಮರದ ಕಟ್ಟು ಮತ್ತು ಒಳಗಿನ ರಟ್ಟಿನ ಅಂಚು ಸೇರಿ ಫೋಟೋವನ್ನು ಸುತ್ತಲೂ ಒಂದು ಬೆರಳಿನಷ್ಟು ಮುಚ್ಚಿದ್ದವು. ತೆಗೆದು ನೋಡಿದರೆ ಬಲಗಡೆಯ ಅಂಚಿನಲ್ಲಿ, ಕನ್ನಡಿಯ ಚೌಕಟ್ಟನ್ನು ಹಿಡಿದುಕೊಂಡ ಒಂದು ಕೈ. ಕನ್ನಡಿ ಜಾರದ ಹಾಗೆ ಯಾರೋ ಪಕ್ಕದಲ್ಲಿ ನಿಂತು ಹಿಡಿದಿದ್ದಾರೆ. ಮಣಿಕಟ್ಟಿನ ಹತ್ತಿರ ಸ್ವಲ್ಪ ಸೆರಗು, ಕಪ್ಪಗೆ. ಕೆಂಪು ಸೀರೆ ಉಟ್ಟರೆ ಫೋಟೋದಲ್ಲಿ ಕಪ್ಪು ಬರುತ್ತದೆ ಅಂತ ಅಪ್ಪ ಗಿರಾಕಿಗಳಿಗೆ ಹೇಳುತ್ತಿದ್ದದ್ದು ನೆನಪಾಯಿತು. ಕೈಯಲ್ಲಿ ಬಳೆ ಇಲ್ಲ.

ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದಳು. "ಆಯಿದು" ಅಂದಳು. ನಮ್ಮ ಮನೆಯಲ್ಲಿ ಅಜ್ಜಿಯನ್ನು ಆಯಿ ಅಂತಲೇ ಕರೆಯುವುದು. ಆಮೇಲೆ ಹೇಳಿದಳು, ರಾತ್ರಿಯೆಲ್ಲ ಕೂತು ಮೊಗ್ಗು ಕಟ್ಟಿದ್ದು ಆಯಿಯೇ ಅಂತೆ. ಬಸ್ಸಿನಲ್ಲಿ ಜಡೆ ನಲುಗದ ಹಾಗೆ ದಾರಿಯುದ್ದಕ್ಕೂ ಕೈಯಲ್ಲಿ ಎತ್ತಿ ಹಿಡಿದಿದ್ದಳಂತೆ. ಸ್ಟುಡಿಯೋದಲ್ಲಿ ಫೋಟೋ ಹೊಡೆಯುವವರು "ಅಮ್ಮ, ನೀವು ಸ್ವಲ್ಪ ಆಚೆ" ಅಂದರಂತೆ. ಅವಳು ಆಚೆ ಹೋದಳು. ಕನ್ನಡಿ ಮಾತ್ರ ಬಿಡಲಿಲ್ಲ.

ಎಪ್ಪತ್ತು ವರ್ಷ ಆ ಫೋಟೋದ ಎದುರು ಓಡಾಡಿದ ಅಮ್ಮನಿಗೆ ತನ್ನ ತಾಯಿ ಅದರೊಳಗೇ ಇದ್ದದ್ದು ಗೊತ್ತಿರಲಿಲ್ಲ. ಪೆನ್ಸಿಲ್ ಕೇಳಿದಳು, ಕೊಟ್ಟೆ. ಹಿಂದೆ ತಿರುಗಿಸಿ ತನ್ನ ಹೆಸರು ಬರೆದಳು, ಕೆಳಗೆ ಆಯಿಯ ಹೆಸರು ಬರೆದಳು. ಆಯಿಯ ಹೆಸರನ್ನು ಬರಹದಲ್ಲಿ ನಾನು ನೋಡಿದ್ದು ಅದೇ ಮೊದಲು. ಆ ಫೋಟೋವನ್ನು ಈಗ ಅಗಲದ ಕಟ್ಟಿನಲ್ಲಿ, ಅಂಚೆಲ್ಲ ಕಾಣುವ ಹಾಗೆ ಹಾಕಿಸಿದ್ದೇನೆ.

ಹಿಂದಿನ ಮೇಜಿನ ಮೇಲೆ ಸ್ಕ್ಯಾನರ್ ಇದೆ, ಮೆತ್ತನೆ ಪೆನ್ಸಿಲ್‌ಗಳಿವೆ. ಫೋಟೋದ ಎರಡೂ ಬದಿ ಸ್ಕ್ಯಾನ್ ಮಾಡಿಕೊಡುತ್ತೇವೆ. ಕಟ್ಟು ಹಾಕಿದ ಫೋಟೋ ತಂದವರು ಮೊದಲು ಬನ್ನಿ, ಅದನ್ನು ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಅಜ್ಜಿಯ ಹೆಸರು ಗೊತ್ತಿಲ್ಲದವರು ಈಗಲೇ ಮನೆಗೆ ಒಂದು ಫೋನ್ ಮಾಡಿ ಕೇಳಿ, ನಾವು ಕಾಯುತ್ತೇವೆ.